ಸಕ್ಕರೆ ಹಾಕದ ಕರ್ಜಿಕಾಯಿ

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಕರ್ಜಿಕಾಯಿಯ ಅಂಚನ್ನು ಆ ಉಗುರಿನಿಂದಲೇ ಒತ್ತಿ, ಮಡಿಸಿ, ಮತ್ತೆ ಒತ್ತಿ ಸೀರೆಯ ನೆರಿಗೆಯ ಹಾಗೆ ಕೂರಿಸುತ್ತಿದ್ದಳು. ಅವಳು ಮಾಡಿದ್ದು ಎಣ್ಣೆಯಲ್ಲಿ ಒಡೆದದ್ದನ್ನು ನಾನು ಕಂಡಿಲ್ಲ.

ಅವಳು ನನ್ನ ಅಪ್ಪನ ತಂಗಿ. ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಐವತ್ತರ ದಶಕದಲ್ಲಿ ಹೈಸ್ಕೂಲು ಓದಲೆಂದು ನನ್ನನ್ನು ಊರಿಗಾಂನ ಲೈನ್ ಮನೆಗೆ, ಅಂದರೆ ಗಣಿ ಕೆಲಸಗಾರರ ಸಾಲುಮನೆಗೆ, ಅವಳ ಹತ್ತಿರ ಕಳಿಸಿದ್ದರು. ಮಾವನಿಗೆ ಅಲ್ಲಿನ ನಂದಿದುರ್ಗ ಎಂಬ ಚಿನ್ನದ ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸ. ಮನೆಯಲ್ಲಿ ಮಾವನ ತಾಯಿಯೂ ಇದ್ದಳು. ನಾನು ಅಜ್ಜಿ ಎನ್ನುತ್ತಿದ್ದೆ. ಬಾಯಿ ಬಲು ಜೋರು.

ಮಾವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದದ್ದು ಒಂದು ದೀಪಾವಳಿಗೆ ಮುಂಚೆ. ಬಂಗಾರಪೇಟೆಯ ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಬಂದವನು, "ಸಕ್ರೆ ಮುಟ್ಬಾರ್ದಂತೆ ಕಣೇ" ಅಂದ. ಅಷ್ಟೇ ಅಂದ. ಅತ್ತೆ ಆ ಸಂಜೆಯೇ ಸಕ್ಕರೆ ಡಬ್ಬಿಯನ್ನು ತೊಳೆದು ಬೋರಲು ಹಾಕಿದಳು. ಹಬ್ಬಕ್ಕೆ ಹುರಿಗಡಲೆ, ಕೊಬ್ಬರಿ, ಏಲಕ್ಕಿಯ ಜೊತೆ ಬೆಲ್ಲ ಕುಟ್ಟಿ ತುಂಬಿದಳು. ನಮ್ಮ ಕಡೆ ಆಗ ಸಕ್ಕರೆ ಅಂದರೆ ಅಂಗಡಿಯ ಬಿಳಿ ಸಕ್ಕರೆ. ಬೆಲ್ಲ ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಕೊಡುವಂಥದ್ದು, ಬಾಣಂತಿಗೆ ತಿನ್ನಿಸುವಂಥದ್ದು. ಅದು ಕೆಡುಕು ಮಾಡೀತೆಂದು ಯಾರಿಗೆ ಹೊಳೆಯಬೇಕು? "ಒಂದು ಕಾಳು ಸಕ್ರೆ ಇಲ್ಲ, ಧೈರ್ಯವಾಗಿ ತಿನ್ನಿ" ಎಂದು ಬಡಿಸಿದಳು. ಮಾವ ಧೈರ್ಯವಾಗಿಯೇ ತಿಂದ. ಹಬ್ಬ ಮುಗಿದ ಮೇಲೂ ಕೇಳಿ ಕೇಳಿ ಮಾಡಿಸಿಕೊಂಡು ತಿಂದ.

ಬೂಟು ಕಚ್ಚಿದ ಗಾಯ ಮಾಯಲಿಲ್ಲ. ಪಾದ ಕಪ್ಪಾಯಿತು. ಅದೇ ಡಾಕ್ಟರ ಹತ್ತಿರ ಅತ್ತೆ, ಮಾವ, ನಾನು ರೈಲಿನಲ್ಲಿ ಹೋದೆವು. ಏನೇನು ತಿನ್ನಿಸುತ್ತೀಯೆಂದು ಕಾಂಪೌಂಡರ್ ಕೇಳಿದಾಗ ಅತ್ತೆ ಹೆಮ್ಮೆಯಿಂದ ಬೆಲ್ಲದ ಕರ್ಜಿಕಾಯಿಯ ಸಂಗತಿ ಹೇಳಿದಳು. ಅವನು ಮಾವನ ಕಡೆ ತಿರುಗಿದ.

"ಏನಯ್ಯಾ, ಬೆಲ್ಲಾನೂ ನಿಂಗೆ ವಿಷಾನೇ ಅಂತ ಅವತ್ತೇ ಬಡ್ಕೊಂಡಿರ್ಲಿಲ್ವಾ?"

ಮಾವ ಗೋಡೆ ನೋಡಿದ.

ಮೊಣಕಾಲ ಕೆಳಗೆ ಕತ್ತರಿಸಿದರು. ಅಜ್ಜಿ ನಲ್ಲಿಯ ಹತ್ತಿರ ಕೂತು ಲೈನಿಗೆಲ್ಲ ಸಾರಿದಳು, "ಬೆಲ್ಲ ತಿನ್ಸಿ ತಿನ್ಸಿ ನನ್ ಮಗನ್ ಕಾಲು ತಿಂದ್ಲು ಕಣ್ರಮ್ಮಾ." ಒಳಗೆ ಮಂಚದ ಮೇಲಿದ್ದ ಮಾವನಿಗೆ ಅದು ಕೇಳಿಸುತ್ತಿತ್ತು. ಕೆಮ್ಮಿದ, ಅಷ್ಟೇ. ನನಗೆ ಮೈಯೆಲ್ಲ ಉರಿಯಿತು.

"ನಿಜ ಏಳ್ಬಾರ್ದಾ ಅತ್ತೆ?" ಎಂದೆ.

"ನಾನು ಏಳಿದ್ರೆ ತಪ್ಪು ಮುಚ್ಕೊಳಾಕೆ ಅಂತಾರೆ. ಅವ್ರ ಬಾಯಿಂದಾನೇ ಬರ್ಲಿ."

ಆಮೇಲೂ ಅವಳು ಹಬ್ಬಹಬ್ಬಕ್ಕೆ ಮಾಡಿದಳು. ಸಿಹಿಯೇ ಇಲ್ಲದ್ದು: ಹುರಿದ ಎಳ್ಳು, ಕೊಬ್ಬರಿ, ಏಲಕ್ಕಿ, ಚಿಟಿಕೆ ಉಪ್ಪು. ತಟ್ಟೆ ಇಟ್ಟು ಮಾವನ ಎದುರಿಗೇ ಕೂರುತ್ತಿದ್ದಳು, ಈಗಲಾದರೂ ತಾಯಿಗೆ ಹೇಳಿಯಾನೆಂದು. ಅವನು ಅಗಿದು, ನುಂಗಿ, ನೀರು ಕೇಳುತ್ತಿದ್ದ. ಆ ಒಂದು ಮಾತು ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ. ಅವನ ಮೇಲಿನ ಸಿಟ್ಟೂ ಇಳಿದಿಲ್ಲ. ಹೇಳದೆಯೇ ಸತ್ತ.

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕಲ್ಲ, ಅತ್ತೆ ಆ ಸಪ್ಪೆ ಕರ್ಜಿಕಾಯಿಯನ್ನೇ ತಂದಿಟ್ಟಳು.

"ಸತ್ತೋನ್ಗಾದ್ರೂ ಒಸಿ ಬೆಲ್ಲ ಆಕ್ಬಾರ್ದಾ?" ಎಂದು ಅಜ್ಜಿ ಅತ್ತಳು.

"ಕಾಲು ತಿಂದೋಳು ನಾನು. ಇನ್ನು ಬೆಲ್ಲ ಆಕಲ್ಲ" ಎಂದು ಅತ್ತೆ ಎಲೆ ಸರಿಮಾಡಿದಳು. ನೆಂಟರು ಅದಕ್ಕೂ ಆಡಿಕೊಂಡರು.

ಅರವತ್ತರ ದಶಕ ಮುಗಿಯುವ ಮುಂಚೆ ಅವಳೂ ಜ್ವರದಲ್ಲಿ ಹೋದಳು. ಹೆಣದ ಸುತ್ತ ಕೂತ ಹೆಂಗಸರಲ್ಲಿ ಒಬ್ಬಳು, "ಪಾಪ, ಕರ್ಜಿಕಾಯಿ ಚೆಂದಾಗ್ ಮಾಡೋಳು. ಅದ್ರಾಗೇ ಗಂಡನ್ ಕಾಲು ತಗದ್ಲು" ಅಂದಳು. ನಾನು ಎದ್ದು ನಿಂತು, ಕಾಂಪೌಂಡರ್ ಹೇಳಿದ್ದನ್ನೂ ಮಾವ ಮುಚ್ಚಿಟ್ಟಿದ್ದನ್ನೂ ಎಲ್ಲರಿಗೂ ಕೇಳುವಂತೆ ಹೇಳಿದೆ.

"ಬಿಡಮ್ಮ, ಸತ್ತೋರ್ ಮೇಲೆ ಯಾಕೆ ಮಾತು" ಎಂದರು.

ಸತ್ತೋರು ಎಂದದ್ದು ಮಾವನನ್ನು. ಅತ್ತೆಯ ಹೆಣ ಅವರ ಮುಂದೆಯೇ ಇತ್ತು.