ಆಕಾಶದ ಯುದ್ಧವೂ ಉಳಿದುಹೋಗಿದ್ದ ಇಂಗ್ಲಿಷ್ ಪೇಪರೂ

ನನ್ನ ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ ಒಂದೇ ಒಂದು ಸುಳ್ಳು ಹೇಳಿದ್ದರು. ಹುಡುಗಿ ಬಿ.ಎ. ಮುಗಿಸಿದ್ದಾಳೆ ಅಂತ. ಮುಗಿಸಿದ್ದೇನೋ ನಿಜ, ಪಾಸಾಗಿರಲಿಲ್ಲ. ಗೋವಿಂದನಹಳ್ಳಿ ಕಡೆಯ ನಮ್ಮೂರಿನಿಂದ ಮೂರು ವರ್ಷ ಬಸ್ಸಿನಲ್ಲಿ ಕೆ.ಆರ್. ಪೇಟೆಯ ಕಾಲೇಜಿಗೆ ಹೋಗಿ ಬಂದಿದ್ದೆ. ಚರಿತ್ರೆ, ಸಮಾಜಶಾಸ್ತ್ರ, ಕನ್ನಡ ಎಲ್ಲ ದಾಟಿ ಎರಡನೇ ವರ್ಷದ ಇಂಗ್ಲಿಷ್ ಒಂದು ಉಳಿದುಕೊಂಡಿತ್ತು. ಎರಡು ಸಲ ಕಟ್ಟಿದ್ದೆ, ಎರಡು ಸಲವೂ ಹೋಗಿತ್ತು. ಮದುವೆಯಾದ ಮೇಲೆ ಇಂಗ್ಲಿಷ್ ಯಾರು ಕೇಳುತ್ತಾರೆ ಎಂದು ನಮ್ಮಪ್ಪ ಲೆಕ್ಕ ಹಾಕಿದ್ದರು. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಕೇಬಲ್ ಟಿವಿ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ನನ್ನ ಗಂಡನ ಮನೆ ಶ್ರೀರಂಗಪಟ್ಟಣಕ್ಕೆ ಹೊಂದಿಕೊಂಡ ಬಾಬುರಾಯನಕೊಪ್ಪಲಿನಲ್ಲಿ. ಮನೆಯಲ್ಲಿ ಮಾವ, ಅತ್ತೆ, ನಾವಿಬ್ಬರು, ಎರಡು ಸೀಮೆ ಹಸು, ಒಂದು ಎಮ್ಮೆ. ಗಂಡ ಪಾಂಡವಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದರು, ಬೆಳಿಗ್ಗೆ ಹೋದರೆ ಸಂಜೆ ಏಳಕ್ಕೆ ಬರುತ್ತಿದ್ದರು. ಮಾವ ಗದ್ದೆ ಮತ್ತು ಹಾಲು ನೋಡಿಕೊಳ್ಳುತ್ತಿದ್ದರು. ಮಾತು ಕಡಿಮೆ. ಕೇಳಬೇಕಾದ್ದನ್ನು ಒಂದು ಸಲ ಕೇಳುತ್ತಿದ್ದರು, ಉತ್ತರ ಬರುವ ತನಕ ಕಾಯುತ್ತಿದ್ದರು.

ತೊಂಬತ್ತರ ದಶಕದ ನಡುವೆ ನಮ್ಮ ಬೀದಿಗೆ ಕೇಬಲ್ ಬಂತು. ವೈರು ಎಳೆದವನು ಚಾನೆಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿ, ಕೊನೆಗೆ ಒಂದು ಇಂಗ್ಲಿಷ್ ಕಾರ್ಟೂನಿನ ಮೇಲೆ ಬಿಟ್ಟು ಕಾಫಿ ಕುಡಿದು ಹೋದ. ಸಂಜೆ ಐದು ಗಂಟೆ. ಮಾವ ಕೊಟ್ಟಿಗೆಯಿಂದ ಒಳಗೆ ಬಂದರು. ಪರದೆಯ ಮೇಲೆ ಕಪ್ಪು ಆಕಾಶ, ಅದರ ತುಂಬ ಹಡಗುಗಳು, ಹಡಗಿನಿಂದ ಹಡಗಿಗೆ ಕೆಂಪು ಬೆಂಕಿ. ಅವರು ಹಾಲಿನ ಪಾತ್ರೆ ಕೆಳಗಿಟ್ಟು ನಿಂತುಕೊಂಡರು.

ಬರೆದ ಚಿತ್ರ ಎಂದು ಅವರಿಗೆ ತಿಳಿಯಲಿಲ್ಲವೆಂದಲ್ಲ. ಆದರೆ ಶ್ರೀರಂಗಪಟ್ಟಣದಲ್ಲಿ ಬೆಳೆದವರಿಗೆ ಬರೆದ ಯುದ್ಧ ಹೊಸದಲ್ಲ. ಅಲ್ಲಿನ ಬೇಸಿಗೆ ಅರಮನೆಯ ಗೋಡೆಯ ಮೇಲೆ ಒಂದು ಇಡೀ ಕಾಳಗವನ್ನು ಬರೆದಿದ್ದಾರೆ, ಮಾವ ಅದನ್ನು ಚಿಕ್ಕಂದಿನಿಂದ ನೋಡಿದವರು. ಯಾರು ಯಾರ ಮೇಲೆ ಯಾಕೆ ಬಿದ್ದರು ಎಂದು ತಿಳಿದುಕೊಳ್ಳದೆ ಯುದ್ಧ ನೋಡುವುದು ಅವರ ಜಾಯಮಾನವಲ್ಲ.

"ಯಾತುಕ್ಕೆ ಒಡ್ದಾಡ್ತಾವ್ರವ್ವ ಇವ್ರು?" ಎಂದು ನನ್ನನ್ನು ಕೇಳಿದರು.

ಮನೆಯಲ್ಲಿ ಬಿ.ಎ. ನಾನೊಬ್ಬಳೇ.

ನಾನು ಪರದೆ ನೋಡಿದೆ. ನೀಲಿ ಅಂಗಿಯವರು ಒಂದು ಕಡೆ, ಬೂದು ಶಿರಸ್ತ್ರಾಣದವರು ಇನ್ನೊಂದು ಕಡೆ. ಎಲ್ಲರೂ ಮೂಗಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದರು. ನನಗೆ 'ನೋ' ಮತ್ತು 'ಗೋ' ಎರಡು ಪದ ಸಿಕ್ಕವು. ಆ ವಾರ ಮನೆಯಲ್ಲಿ ನಾಲೆ ನೀರಿನ ಸರದಿಯದೇ ಮಾತಾಗಿತ್ತು.

"ನೀರಿಗೆ ಮಾವ," ಅಂದೆ.

ಮಾವ ತಲೆಯಾಡಿಸಿ ಕೂತರು. ಅಲ್ಲಿಂದ ಶುರುವಾಯಿತು.

ವಾರಕ್ಕೆ ಐದು ದಿನ, ಐದು ಗಂಟೆಗೆ ಅರ್ಧ ಗಂಟೆ. ಹಾಲು ಕರೆಯುವ ಹೊತ್ತೂ ಅದೇ. ಮಾವ ಕರೆಯುವುದನ್ನು ನಾಲ್ಕೂಕಾಲಕ್ಕೆ ತಂದರು. ಹಸುಗಳು ಒಪ್ಪಿದವು. ಎಮ್ಮೆ ಒಂದು ವಾರ ಒಪ್ಪಲಿಲ್ಲ, ಆಮೇಲೆ ಅದೂ ಒಪ್ಪಿತು. ಅತ್ತೆ ಮಾತ್ರ, "ಈ ವಯಸ್ನಲ್ಲಿ ಮಕ್ಳಾಟ ನೋಡ್ಕಂಡು ಕುಂತವ್ರೆ," ಎಂದು ಸೊಪ್ಪು ಬಿಡಿಸುತ್ತ ಪಕ್ಕದಲ್ಲೇ ಕೂರುತ್ತಿದ್ದರು.

ಒಂದೇ ಸುಳ್ಳಾಗಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಇದು ದಿನಾ ಮುಂದುವರಿಯುವ ಕಥೆ. ನೀರಿಗೆ ಯುದ್ಧ ಅಂದ ಮೇಲೆ ನೀರು ಎಲ್ಲಿದೆ ಎಂದು ಹೇಳಬೇಕಾಯಿತು. ಮೂರು ಚಂದ್ರರಿರುವ ಒಂದು ಗ್ರಹ ತೋರಿಸುತ್ತಿದ್ದರು, ಅಲ್ಲಿದೆ ಅಂದೆ. "ನಮ್ ಕರಿಘಟ್ಟದಂಗೈತಲ್ಲ ಆ ಗುಡ್ಡ," ಅಂದರು ಮಾವ. ಕೆಳಗೆ ಹೊಳೆ ಇದೆ ಅಂದೆ. ಮಾರನೆಯ ದಿನ ಹೊಳೆ ತೋರಿಸಲಿಲ್ಲ. ಬತ್ತಿಸಿಬಿಟ್ಟಿದ್ದಾರೆ ಅಂದೆ. ಯಾವ ದಿನ ಏನು ಹೇಳಿದ್ದೆ ಎಂಬುದು ಮರೆಯಬಾರದೆಂದು ಕಾಲೇಜಿನ ಒಂದು ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದಿಡತೊಡಗಿದೆ. ಅದನ್ನು ಅಡುಗೆಮನೆಯಲ್ಲಿ ಹುರುಳಿ ಡಬ್ಬದ ಹಿಂದೆ ಇಡುತ್ತಿದ್ದೆ.

ನೀಲಿಯವರಲ್ಲಿ ಬಿಳಿ ಮೀಸೆಯ ಒಬ್ಬ ಮುದುಕ ಸೇನಾಧಿಪತಿ ಇದ್ದ. ಮಾವನಿಗೆ ಅವನು ಮೊದಲ ದಿನವೇ ಹಿಡಿಸಿದ. ಅವನು ಕಿಟಕಿಯ ಬಳಿ ನಿಂತು ನಕ್ಷತ್ರ ನೋಡುತ್ತ ನಿಧಾನವಾಗಿ ಮಾತಾಡುತ್ತಿದ್ದ. ಏನು ಹೇಳಿದ ಎಂದು ಮಾವ ಕೇಳಿದಾಗಲೆಲ್ಲ ನಾನು ಒಳ್ಳೆಯ ಮಾತುಗಳನ್ನೇ ಅವನ ಬಾಯಿಗೆ ಹಾಕುತ್ತಿದ್ದೆ. ಇಬ್ಬರಿಗೂ ಪಾಲು ಮಾಡೋಣ ಅಂತಾನೆ. ಹುಡುಗರು ಸಾಯೋದು ಬೇಡ ಅಂತಾನೆ. ಒಂದು ದಿನ ಅವನು ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಊರಿನಲ್ಲಿ ಅವನ ತಾಯಿಗೆ ಹುಷಾರಿಲ್ಲವಂತೆ ಅಂದೆ. ಅದಾದ ಮೇಲೆ ಅತ್ತೆಯೂ ಆ ತಾಯಿಯನ್ನು ವಿಚಾರಿಸುವುದು ದಿನಚರಿಯಾಯಿತು.

"ಎಂಗೈತಂತೆ ಅವ್ರವ್ವುಂಗೆ?"

"ಇವತ್ತು ಆ ಸುದ್ದಿ ಬರಲಿಲ್ಲ ಅತ್ತೆ."

ಹೀಗೆ ಏಳೆಂಟು ತಿಂಗಳು ನಡೆಯಿತು. ಕರೆಂಟು ಹೋದ ದಿನ ಪರದೆಯೂ ಇಲ್ಲದೆ ನಾನು ಕಥೆ ಹೇಳಬೇಕಿತ್ತು, ಏಕೆಂದರೆ ಇಷ್ಟು ದಿನ ನೋಡಿದವಳಿಗೆ ಮುಂದೇನಾಗಬಹುದು ಎಂದು ಗೊತ್ತಿರಲೇಬೇಕು ಎಂಬುದು ಮಾವನ ವಾದ. ಪಕ್ಕದ ಮನೆಯ ಇಬ್ಬರು ಹೆಂಗಸರು ಕರೆಂಟು ಹೋದ ದಿನವೇ ನೋಡಿಕೊಂಡು ಬರತೊಡಗಿದರು.

ಬೇಸಿಗೆ ರಜೆಗೆ ನನ್ನ ಗಂಡನ ಅಕ್ಕ ನಾಗಮಂಗಲದಿಂದ ಬಂದರು. ಜೊತೆಗೆ ಅವರ ಯಜಮಾನರು. ಅವರು ಅಲ್ಲಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅವರು ಬರುವ ಸುದ್ದಿ ತಿಳಿದ ದಿನದಿಂದ ನಾನು ಕೇಬಲ್ ಕೆಡಲಿ ಎಂದು ಕಾಯುತ್ತಿದ್ದೆ. ಕೆಡಲಿಲ್ಲ. ಐದು ಗಂಟೆಗೆ ಮಾವ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಅಡುಗೆಮನೆಗೆ ಹೋದೆ. "ಬಾವ್ವ ಇಲ್ಲಿ, ಯೋಳು," ಎಂದು ಕರೆದರು. ಬಂದು ಬಾಗಿಲ ಬಳಿ ನಿಂತೆ.

ಬಿಳಿ ಮೀಸೆಯವನು ಬಂದ. ಏನೋ ಹೇಳಿದ.

"ಏನಂತಾನೆ?"

ನಾನು ಬಾಗಿಲ ಚಿಲಕ ಹಿಡಿದುಕೊಂಡೆ. ಮೇಷ್ಟ್ರು ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ಇನ್ನೂ ನಾಲ್ಕು ಊರು ಸುಟ್ಟಾಕಿ ಅಂತ ಹೇಳ್ತಾವ್ನೆ ಮಾವ. ನಾಗಮಂಗಲ್ದಲ್ಲೂ ನೋಡ್ತೀವಿ ಇದ್ನ, ಇವ್ನೇ ಅಲ್ವಾ ಯುದ್ಧ ಹಚ್ಚಿದೋನು? ಆ ಬೂದುಬಣ್ಣದವ್ರತ್ರ ಒಳಗೊಳಗೇ ಮಾತಾಡ್ಕಂಡವ್ನೆ. ದ್ರೋಹಿ."

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. "ಅವ್ರವ್ವುಂಗೆ ಉಷಾರಿಲ್ವಲ್ಲಪ್ಪ," ಅಂದರು.

"ಯಾರವ್ವುಂಗೆ?"

"ನೀರಿನ ವಿಚಾರ ಏನಾಯ್ತು?" ಮಾವ ಕೇಳಿದರು.

"ನೀರೆಲ್ಲಿ ಬಂತು ಮಾವ ಇದ್ರಲ್ಲಿ? ಅದು ಯಾವ್ದೋ ಲೋಹಕ್ಕೆ ಒಡ್ದಾಡ್ತಿರೋದು."

ಮಾವ ನನ್ನ ಕಡೆ ತಿರುಗಲಿಲ್ಲ. "ನಿಮ್ ನಾಗಮಂಗಲ್ದಲ್ಲಿ ಅಂಗಿರ್ಬೋದು ಬುಡಿ," ಎಂದು ಎದ್ದು ಕೊಟ್ಟಿಗೆಗೆ ಹೋದರು. ಕರೆದು ಮುಗಿದಿದ್ದ ಎಮ್ಮೆಯ ಮೈ ತೊಳೆಯತೊಡಗಿದರು.

ಮೂರು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಟಿವಿಯನ್ನೂ ಹಾಕಲಿಲ್ಲ. ಹಾಲು ಮತ್ತೆ ಐದಕ್ಕೆ ಕರೆದರು, ಎಮ್ಮೆಗೆ ಅದೂ ಹಿಡಿಸಲಿಲ್ಲ. ಬೈದಿದ್ದರೆ ಮೇಲಿತ್ತು. ಊಟ ಬಡಿಸಿದರೆ ಅವರು ತಟ್ಟೆ ನೋಡಿಕೊಂಡು ಉಂಡು ಏಳುತ್ತಿದ್ದರು. ಅವರಿಗೆ ಕಾರ್ಟೂನು ತಪ್ಪಿಹೋದ ದುಃಖವಲ್ಲ ಎಂದು ನನಗೆ ಗೊತ್ತಿತ್ತು. ನಂಬಿಕೊಂಡು ದಿನಾ ಕೇಳಿದ್ದರು, ಅಳಿಯನ ಮುಂದೆ ಪೆದ್ದಾಗಿದ್ದರು.

ನಾಲ್ಕನೆಯ ದಿನ, ನಾಗಮಂಗಲದವರು ಹೊರಟುಹೋದ ಮೇಲೆ, ನಾನೇ ಕೊಟ್ಟಿಗೆಗೆ ಹೋದೆ. ಅವರು ಹುಲ್ಲು ಹಾಕುತ್ತಿದ್ದರು.

"ಮಾವ, ನಾನು ಬಿ.ಎ. ಪಾಸಾಗಿಲ್ಲ. ಇಂಗ್ಲಿಷು ಹೋಗಿದೆ."

ಅವರು ಹುಲ್ಲು ಪೂರ್ತಿ ಹಾಕಿ ಮುಗಿಸಿದರು.

"ಎಷ್ಟ್ ಸಲ ಹೋಯ್ತು?"

"ಎರಡು."

"ನೀರಿಂದೆಲ್ಲ ನೀನೇ ಕಟ್ಟಿದ್ದಾ?"

"ಹೂಂ."

"ಅವ್ರವ್ವಂದು?"

"ಅದೂ."

"ಅಷ್ಟುದ್ದ ಕಟ್ಟೋಳ್ಗೆ ಆ ಒಂದು ಪೇಪರ್ ಬರಿಯಕ್ಕಾಗ್ನಿಲ್ವಾ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಉತ್ತರಕ್ಕೆ ಕಾಯುತ್ತಿದ್ದರು. ನಾನು ಅತ್ತುಬಿಟ್ಟೆ. ಅವರು ಅಳು ನಿಲ್ಲುವ ತನಕ ಹಸುವಿನ ಹಗ್ಗ ಸರಿಮಾಡುತ್ತ ನಿಂತಿದ್ದು, "ಕಟ್ಟು ಇನ್ನೊಂದ್ಸಲ. ಅಳಿಯಂದ್ರು ಯೋಳ್ಕೊಡ್ತಾರೆ," ಅಂದರು.

ಅಂದು ಸಂಜೆ ಗಂಡನಿಗೂ ಹೇಳಿದೆ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಅವರು ಬಹಳ ಹೊತ್ತು ಷೂ ಬಿಚ್ಚುತ್ತ ಕೂತಿದ್ದು, "ನಂದೂ ಡಿಪ್ಲೊಮಾದಲ್ಲಿ ಒಂದು ಸಬ್ಜೆಕ್ಟ್ ಉಳ್ಕೊಂಡದೆ," ಅಂದರು. "ಅಪ್ಪಂಗೆ ಯೋಳ್ಬೇಡ."

ನಾನು ಹೇಳಲಿಲ್ಲ.

ತಿಂಗಳಿಗೆ ಎರಡು ಭಾನುವಾರ ಮಾವ ನನ್ನನ್ನು ಬಸ್ಸಿನಲ್ಲಿ ನಾಗಮಂಗಲಕ್ಕೆ ಕರೆದುಕೊಂಡು ಹೋದರು. ಮೇಷ್ಟ್ರು ಒಳಗೆ ನನಗೆ ಪಾಠ ಹೇಳುವಾಗ ಮಾವ ಜಗುಲಿಯಲ್ಲಿ ಕೂತಿರುತ್ತಿದ್ದರು. ಮೇಷ್ಟ್ರು ಕಟ್ಟುನಿಟ್ಟಿನವರು, ಕೋಪವಿಲ್ಲದವರು. ಆ ದಿನ ಆದದ್ದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ದಿನಾ ಸಂಜೆ ಐದಕ್ಕೆ ಆ ಕಾರ್ಟೂನು ನೋಡಬೇಕು, ಕಿವಿಗೆ ಬಿದ್ದ ಹೊಸ ಪದ ಹತ್ತು ಬರೆದು ತರಬೇಕು ಎಂದು ಮನೆಪಾಠ ಕೊಟ್ಟರು. ಹಾಗಾಗಿ ಟಿವಿ ಮತ್ತೆ ಹತ್ತಿತು, ಹಾಲು ಮತ್ತೆ ನಾಲ್ಕೂಕಾಲಕ್ಕೆ ಬಂತು.

ಈಗ ಮಾವ ಕೇಳಿದರೆ ನಿಜ ಹೇಳುತ್ತಿದ್ದೆ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನುತ್ತಿದ್ದೆ. ಮೊದಮೊದಲು ಅರ್ಧ ಗಂಟೆಯಲ್ಲಿ ಇಪ್ಪತ್ತು ಸಲ ತಿಳಿಯಲಿಲ್ಲ ಅಂದದ್ದುಂಟು. ಮಾವ ಬೇಸರ ಮಾಡಿಕೊಳ್ಳಲಿಲ್ಲ. "ತಿಳಿದಷ್ಟು ಯೋಳು," ಅನ್ನುತ್ತಿದ್ದರು. ಬರುಬರುತ್ತ ಒಂದು ಇಡೀ ವಾಕ್ಯ ನೆಟ್ಟಗೆ ಕಿವಿಗೆ ಬೀಳತೊಡಗಿತು. ಮೊದಲು ಹಾಗೆ ಬಿದ್ದ ವಾಕ್ಯ, 'ಬಾಗಿಲು ಮುಚ್ಚು' ಎಂಬುದು. ನನಗೆ ಆದ ಸಂತೋಷ ಆ ಬಾಗಿಲು ಮುಚ್ಚಿದವನಿಗೂ ಆಗಿರಲಾರದು. ಪಕ್ಕದ ಮನೆಯ ಹೆಂಗಸರು ಮಾತ್ರ ಕಥೆ ಕೆಟ್ಟುಹೋಯಿತು ಎಂದು ಬರುವುದನ್ನು ಬಿಟ್ಟರು.

ಸರಣಿಯ ಕೊನೆಯ ಕಂತು ಪರೀಕ್ಷೆಗೆ ಎರಡು ವಾರ ಮುಂಚೆ ಬಂತು. ನೀಲಿಯವರು ಗೆದ್ದರು. ಬಿಳಿ ಮೀಸೆಯವನನ್ನು ಹಿಡಿದು ಎಲ್ಲರ ಮುಂದೆ ನಿಲ್ಲಿಸಿದರು. ಅವನು ಮಾಡಿದ್ದನ್ನೆಲ್ಲ ಒಬ್ಬ ಹೆಂಗಸು ಓದಿ ಹೇಳಿದಳು. ನಾನು ಒಂದೊಂದೇ ವಾಕ್ಯ ಕನ್ನಡ ಮಾಡಿ ಹೇಳಿದೆ. ಅಷ್ಟೂ ಮಾತಿನಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಇನ್ನೇನು ಶಿಕ್ಷೆ ಹೇಳಬೇಕು ಅನ್ನುವಾಗ ಮಾವ ಎದ್ದರು.

"ಇನ್ನೈದು ನಿಮಿಷ ಅದೆ ಮಾವ."

"ನೀನ್ ನೋಡವ್ವ," ಎಂದು ಹಾಲಿನ ಕ್ಯಾನು ಎತ್ತಿಕೊಂಡು ಹೋದರು. ನಾನು ನೋಡಿದೆ. ಅವನನ್ನು ಯಾವುದೋ ಖಾಲಿ ಗ್ರಹಕ್ಕೆ ಕಳಿಸಿದರು. ಮಾವ ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ.

ಪರೀಕ್ಷೆಯ ಕೇಂದ್ರ ಪಾಂಡವಪುರದಲ್ಲಿ ಬಿದ್ದಿತ್ತು. ಗಂಡ ಬೆಳಿಗ್ಗೆ ಜೊತೆಗೆ ಕರೆದುಕೊಂಡು ಹೋಗಿ ಗೇಟಿನ ತನಕ ಬಿಟ್ಟು ಆಫೀಸಿಗೆ ಹೋದರು. ಪ್ರಬಂಧಕ್ಕೆ ನೀರಿನ ಮಹತ್ವ ಎಂಬ ವಿಷಯವಿತ್ತು. ಇನ್ನೊಂದು, ರೈಲು ಪ್ರಯಾಣ. ನಾನು ರೈಲು ಪ್ರಯಾಣ ಬರೆದೆ. ನಲವತ್ತೊಂದು ಅಂಕ ಬಂತು.

ಫಲಿತಾಂಶದ ಪಟ್ಟಿ ನೋಡಿಕೊಂಡು ಬಂದು ಹೇಳಿದಾಗ ಮಾವ ಗದ್ದೆಯ ಬದುವಿನ ಮೇಲಿದ್ದರು. "ನಿಮ್ಮಪ್ಪುಂಗೆ ತಿಳಿಸ್ದಾ?" ಎಂದು ಕೇಳಿದರು. ಇನ್ನೂ ಇಲ್ಲ ಅಂದೆ. "ಓಗಿ ತಿಳ್ಸು. ಪಾಪ, ಮನುಷ್ಯ ಎದುರ್ಕಂಡಿರ್ತಾನೆ." ಮಾರನೆಯ ದಿನ ಕೆ.ಆರ್. ಪೇಟೆಯ ಬಸ್ಸು ಹತ್ತಿ ತವರಿಗೆ ಹೋದೆ. ನಮ್ಮಪ್ಪ ಅಂಗಳದಲ್ಲಿ ರಾಗಿ ಹರವುತ್ತಿದ್ದರು. ಬಿ.ಎ. ಪಾಸಾದೆ ಅಂದೆ. ಅವರು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ಮೆಲ್ಲುಗ್ ಮಾತಾಡು, ಯಾರಾದ್ರೂ ಕೇಳುಸ್ಕಂಡಾರು," ಅಂದರು.