ಹಣಮಮ್ಮನ ಬಾಯಾರಿಕೆ

ಮೊಣಕಾಲು ಸೋತ ಮುದುಕಿ ನೀರು ಕುಡಿಯುವುದನ್ನು ಬಿಡುವುದು ಬಾಯಾರಿಕೆ ಇಲ್ಲದ್ದಕ್ಕಲ್ಲ. ಕುಡಿದರೆ ಬಯಲಕಡೆ ಹೋಗಬೇಕಾಗುತ್ತದೆ, ಅದಕ್ಕೆ. ದಂಡೋತಿ ಊರಿನ ಜಗದೇವಿಗೆ ಇದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡಿರಲಿಲ್ಲ ಎಂದರೆ ಸರಿಯಾದೀತು.

ಹಣಮಮ್ಮ ಅವಳ ಎದುರುಮನೆಯವಳು. ಎಂಬತ್ತರ ಹತ್ತಿರದ ಒಂಟಿ ಜೀವ. ಮಕ್ಕಳಾಗಲಿಲ್ಲ, ಗಂಡ ತೀರಿ ಬಹಳ ವರ್ಷವಾಯಿತು. ಓಣಿಯಲ್ಲಿ ಮನೆಮನೆಗೆ ಪಾಯಿಖಾನೆ ಕಟ್ಟಿಸಿಕೊಂಡಾಗ ಅವಳ ಮನೆಯೊಂದು ಉಳಿಯಿತು. “ಒಬ್ಬಾಕಿಗೆ ಯಾಕ” ಅಂದರು ಎಲ್ಲರೂ. ಜಗದೇವಿಯೂ ಅಂದಿದ್ದಳು.

ಹಾಗಂತ ಜಗದೇವಿ ಕೆಟ್ಟವಳಲ್ಲ. ಎರಡು ಹೊತ್ತು ರೊಟ್ಟಿ ಪಲ್ಯ, ಮುಂಜಾನೆ ಒಂದು ಕಪ್ ಚಹಾ ತಾನೇ ಒಯ್ದು ಕೊಡುತ್ತಿದ್ದಳು. ಯಾರಾದರೂ ಹೊಗಳಿದರೆ “ಅದೇನ್ ದೊಡ್ಡದ್ರಿ” ಎನ್ನುತ್ತಲೇ ಒಳಗೊಳಗೆ ಉಬ್ಬುತ್ತಿದ್ದಳು. ಬೇಸಿಗೆ ಹತ್ತಿದ ಮೇಲೆ ಕಪ್ಪಿನಲ್ಲಿ ಚಹಾ ಹಾಗೇ ಕೆನೆಗಟ್ಟಿ ಉಳಿಯತೊಡಗಿತು. ಒಂದು ದಿನ ಹಣಮಮ್ಮ ಅದನ್ನು ಬೇವಿನ ಬುಡಕ್ಕೆ ಸುರಿಯುವುದು ಕಣ್ಣಿಗೆ ಬಿತ್ತು.

“ನನ್ನ ಚಾ ಸೇರಂಗಿಲ್ಲೇನ್ರಿ ಅತ್ತಿ? ಗಿಡಕ್ಕ ಯಾಕ ಕುಡಸ್ತೀರಿ?”

“ಗಿಡಕ್ಕೂ ಬಾಯಿ ಅದ ತಾಯಿ,” ಎಂದು ಮುದುಕಿ ನಕ್ಕಳು.

ಜಗದೇವಿಗೆ ಸಿಟ್ಟು ನೆತ್ತಿಗೇರಿತು. ಮಾರನೇ ದಿನದಿಂದ ಚಹಾ ಬಂದ್. ರೊಟ್ಟಿಯನ್ನು ಹೊಸ್ತಿಲ ಮೇಲಿಟ್ಟು ಮಾತಿಲ್ಲದೆ ತಿರುಗಿ ಬರುತ್ತಿದ್ದಳು. ಹೀಗೆ ಹನ್ನೊಂದು ದಿನ.

ಹನ್ನೆರಡನೇ ದಿನ ನಿನ್ನೆಯ ರೊಟ್ಟಿ ಹೊಸ್ತಿಲ ಮೇಲೇ ಇತ್ತು. ಒಳಗೆ ಫರಸಿ ಕಲ್ಲಿನ ನೆಲದ ಮೇಲೆ ಹಣಮಮ್ಮ ಬಿದ್ದಿದ್ದಳು. ಜಗದೇವಿ ಓಡಿ ಹೋಗಿ ಆಶಾ ಕಾರ್ಯಕರ್ತೆ ಹುಸ್ನಾಳನ್ನು ಕರೆತಂದಳು. ಹುಸ್ನಾ ಮುದುಕಿಯ ಮುಂಗೈ ಚರ್ಮ ಚಿವುಟಿ ಬಿಟ್ಟಳು. ಎದ್ದ ನಿರಿಗೆ ಇಳಿಯಲೇ ಇಲ್ಲ, ಮೈಯಲ್ಲಿ ನೀರು ಬತ್ತಿತ್ತು. ಉಪ್ಪು ಸಕ್ಕರೆ ಕಲಸಿದ ನೀರು ಕೊಟ್ಟರೆ ಹಣಮಮ್ಮ ಎರಡು ಗುಟುಕಿಗೆ ತುಟಿ ಮುಚ್ಚಿದಳು.

“ಕುಡೀರಿ ಆಯಿ.”

“ಸಾಕವ್ವ.”

ಹುಸ್ನಾ ತಂಬಿಗೆ ಕೆಳಗಿಟ್ಟು ಕೇಳಿದಳು, “ಬಯಲಕಡಿ ಎಲ್ಲಿ ಹೋಗ್ತೀರಿ?”

“ಹೊಳಿ ದಾರ್ಯಾಗ, ಜಾಲಿ ಗಿಡದ ಕಡಿ.”

“ಅಷ್ಟ್ ದೂರ? ಯಾರ ಜೋಡಿ?”

“ಮೊದಲ ಎಂಟ್ ಮಂದಿ ಇದ್ದಿವಿ. ಈಗ ಎಲ್ಲಾರ ಮನ್ಯಾಗ ಅದ. ಎರಡ್ ಸಲ ಬಿದ್ದೀನಿ. ಕುಡೀಲಿಲ್ಲಂದ್ರ ಹೋಗೂದರ ತಪ್ತದ.”

ಹುಸ್ನಾ ಬಾಗಿಲಾಚೆ ನೋಡಿದಳು. ಎದುರಿಗೇ ಜಗದೇವಿಯ ಪಾಯಿಖಾನೆ. ಹಸಿರು ಬಾಗಿಲು, ಅದಕ್ಕೊಂದು ಬೀಗ. ಹಾದು ಹೋಗುವವರು ಹೊಲಸು ಮಾಡುತ್ತಾರೆಂದು ಜಗದೇವಿಯೇ ಜಡಿದದ್ದು. ಚಾವಿ ಅವಳ ಸೊಂಟದಲ್ಲೇ ಇತ್ತು. ಹಣಮಮ್ಮ ಮಲಗಿದಲ್ಲಿಂದ ಆ ಬೀಗವನ್ನು ದಿನಾ ನೋಡುತ್ತಿದ್ದಳು. ಒಮ್ಮೆಯೂ ಕೇಳಿರಲಿಲ್ಲ.

ಜಗದೇವಿ ಹೊಸ ಸೊಸೆಯಾಗಿ ಬಂದ ವರ್ಷ ನಸುಕಿನ ಕತ್ತಲಿಗೆ ಹೆದರಿ ಅಳುತ್ತಿದ್ದಳು. ನೀರಿನ ಚರಗಿ ಹಿಡಿದು ಬಾಗಿಲು ಬಡಿದು, ಕೈಹಿಡಿದು ಕರೆದೊಯ್ದವಳು ಇದೇ ಹಣಮಮ್ಮ. ಕೋಲು ಹಿಡಿದು, ಬೆನ್ನು ತಿರುಗಿಸಿ, ನಾಯಿ ಬಾರದಂತೆ ಕಾಯುತ್ತ ನಿಲ್ಲುತ್ತಿದ್ದಳು.

“ಕುಡೀರಿ ಅತ್ತಿ,” ಜಗದೇವಿ ಸೊಂಟದ ಚಾವಿ ಕೈಗೆ ತೆಗೆದುಕೊಂಡಳು. “ನಾ ಕರ್ಕೊಂಡ್ ಹೋಗ್ತೀನಿ. ಹೊರಗ ನಿಂತಿರ್ತೀನಿ.”

ಮುದುಕಿ ಅವಳ ಮುಖ ನೋಡಿದಳು. ಆಮೇಲೆ ತಂಬಿಗೆ ತೆಗೆದುಕೊಂಡು ತಳ ಕಾಣುವವರೆಗೆ ಕುಡಿದಳು.

ಸಂಜೆ ಇಬ್ಬರೂ ಹೊರಟರು. ಇಪ್ಪತ್ತೆರಡು ಹೆಜ್ಜೆ. ತೋಳಿಗೆ ಆತುಕೊಂಡ ಜೀವ ಒಣ ಜೋಳದ ಕಣಿಕಿಯ ಸೂಡಿನಷ್ಟು ಹಗುರವಿತ್ತು.

“ಇಷ್ಟ್ ದೊಡ್ಡ ಬೀಗ,” ಎಂದಳು ಹಣಮಮ್ಮ, “ಒಳಗ ಬಂಗಾರ ಇಟ್ಟೀಯೇನೋ ಅನ್ಕೊಂಡಿದ್ದೆ.”

ಜಗದೇವಿಗೆ ನಗು ಬರಲಿಲ್ಲ. ಬೀಗ ತೆಗೆದು ಮುದುಕಿಯನ್ನು ಒಳಗೆ ಬಿಟ್ಟು, ಬೆನ್ನು ತಿರುಗಿಸಿ ನಿಂತಳು. ಕಾವಲಿಗೂ ಹೌದು, ಮುಖ ಮುಚ್ಚಿಕೊಳ್ಳಲಿಕ್ಕೂ ಹೌದು.

ನಿಮ್ಮೂರು ಸೇಡಮ್ಮಿರಲಿ, ವಾಡಿಯಿರಲಿ, ನಿಮ್ಮ ಓಣಿಯಲ್ಲೂ ಹೀಗೊಬ್ಬಳಿದ್ದಾಳೆ. ರೊಟ್ಟಿ ಕೊಟ್ಟಿದ್ದೇನೆ ಎಂದು ನನಗೆ ಹೇಳಬೇಡಿ. ಓದಿದ್ದು ಸಾಕು, ಏಳಿ. ಅವಳ ಬಾಗಿಲಿಗೆ ಹೋಗಿ, ಎಲ್ಲಿಗೆ ಹೋಗುತ್ತೀರಿ, ಯಾರ ಜೋಡಿ ಹೋಗುತ್ತೀರಿ ಎಂದು ಕೇಳಿ. ನಿಮ್ಮ ಬೀಗ ತೆಗೆದು ತೋಳು ಕೊಡಿ. ಇವತ್ತೇ.