ಗಾಲಿಗೆ ಮೆತ್ತಿದ ಮಣ್ಣು

ಅವೆನ್ಯೂ ರಸ್ತೆಯ ಒಂದು ಸಂದಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿ ಹೋಗುವ ಫೋಟೋ ಸ್ಟುಡಿಯೋದಲ್ಲಿ ನಾನು ಕೆಲಸಕ್ಕಿದ್ದೆ. ಕಪ್ಪು ಬಿಳುಪು ಫೋಟೋಗಳಿಗೆ ಸಣ್ಣ ಬ್ರಷ್‌ನಲ್ಲಿ ಬಣ್ಣ ತುಂಬುವುದು, ಮದುಮಗಳ ಮುಖದ ಕಲೆ ತೆಗೆಯುವುದು, ಸತ್ತವರ ಕೆನ್ನೆಗೆ ಒಂದಿಷ್ಟು ಕೆಂಪು ಕೊಡುವುದು. ಎಲ್ಲರನ್ನೂ ಚೆಂದ ಮಾಡಿ ಮಾಡಿ ಚೆಂದವೆಂದರೇ ನನಗೆ ರೇಜಿಗೆ ಹುಟ್ಟಿತ್ತು. ಹಾಗಾಗಿ ಅಣ್ಣ ರಜಕ್ಕೆ ಬಂದವನು ಒಂದು ಪ್ಲಾಸ್ಟಿಕ್ ವಿಮಾನವನ್ನು ಮುಂದಿಟ್ಟು, "ಇದಕ್ಕೆ ಬಣ್ಣ ಹಾಕ್ಕೊಡು. ಹೊಸದರ ಥರ ಪಳಪಳ ಮಾಡಿ ಕೆಡಿಸ್ಬೇಡ ಮಹರಾಯ್ತಿ, ಹಾರಿದ ವಿಮಾನದ ಥರ ಇರ್ಬೇಕು" ಎಂದಾಗ ಬಹಳ ಖುಷಿಯಾಯಿತು.

ಅಣ್ಣ ವಾಯುಸೇನೆಯಲ್ಲಿ ಪೈಲಟ್. ತರಕಾರಿ ಮಂಡಿಯವನ ಮಗ ಫೈಟರ್ ಹಾರಿಸುತ್ತಾನೆಂದು ಇಡೀ ಗವಿಪುರಂ ಅಪ್ಪನನ್ನು ನಿಲ್ಲಿಸಿ ಮಾತಾಡಿಸುತ್ತಿತ್ತು. ಅವನು ಹಾರಿಸುತ್ತಿದ್ದುದು ನಮ್ಮ ಬೆಂಗಳೂರಲ್ಲೇ ತಯಾರಾಗುತ್ತಿದ್ದ ಪುಟ್ಟ ವಿಮಾನ. ಅದರದ್ದೇ ಮಾದರಿಯ ತುಂಡುಗಳಿದ್ದ ಡಬ್ಬವನ್ನು ವಿದೇಶಕ್ಕೆ ಹೋಗಿಬಂದ ಸ್ನೇಹಿತನೊಬ್ಬ ಕೊಟ್ಟಿದ್ದನಂತೆ. ಜಗಲಿಯಲ್ಲಿ ಕೂತು ತುಂಡುಗಳನ್ನು ಅಂಟಿಸಿದ್ದ. ಅಂಗೈಗಿಂತ ಒಂಚೂರು ಉದ್ದ ಇತ್ತು. ಅಸಲಿ ವಿಮಾನದ ಬಣ್ಣ ಹೇಗಿದೆಯೆಂದು ವಿವರಿಸಿದ: ಬೆಳ್ಳಿ ಮೈ, ಯುದ್ಧ ಬರುತ್ತದೆಂದು ಅದರ ಮೇಲೆ ಅವಸರದಲ್ಲಿ ಬಳಿದ ಹಸಿರು, ಪೈಲಟ್ ಕಾಲಿಟ್ಟು ಹತ್ತುವ ಕಡೆ ಆ ಹಸಿರು ಸವೆದು ಇಣುಕುವ ಬೆಳ್ಳಿ, ಗನ್ನಿನ ಬಾಯಿಯ ಸುತ್ತ ಮಸಿ. ಹೇಳಿ ಹೊರಟುಹೋದ. ಎಪ್ಪತ್ತೊಂದರ ಯುದ್ಧದಲ್ಲಿ ಅವನ ವಿಮಾನ ವಾಪಸ್ ಬರಲಿಲ್ಲ.

ಅವನ ಜೊತೆ ಹಾರುತ್ತಿದ್ದ ಮೈಸೂರಿನ ಹುಡುಗನೊಬ್ಬ ಮನೆಗೆ ಬಂದು, ತಲೆ ತಗ್ಗಿಸಿ ಹೇಳಿದ: "ಬೆಂಕಿ ಹತ್ಕೊಂಡು ನೇರ ಕೆಳಗೆ ಹೋಯ್ತಮ್ಮ. ಪ್ಯಾರಾಶೂಟ್ ಬಿಚ್ಚಿದ್ದು ನಾನು ನೋಡಲಿಲ್ಲ."

ಅವನು ಗೇಟು ದಾಟಿದ್ದೇ ತಡ, ಅಮ್ಮ, "ಅಷ್ಟು ಹೊಗೇಲಿ ಅವನಿಗೇನು ಕಾಣತ್ತೆ? ಬಂದ್ಬಿಟ್ಟ ಹೇಳಕ್ಕೆ" ಎಂದಳು. ಸರ್ಕಾರದವರು ನಾಪತ್ತೆ ಎಂದಿದ್ದರು. ಆ ಒಂದು ಮಾತನ್ನು ಅಮ್ಮ ಗಟ್ಟಿಯಾಗಿ ಹಿಡಿದುಕೊಂಡಳು.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಫೋಟೋ ಮುಂದೆ ಬಾಳೆಲೆ ಹಾಸಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತೇವೆ. ತಾತನಿಗಾದರೆ ಒಂದು ಕಟ್ಟು ಬೀಡಿ ಕೂಡ. ಧೂಪ ಹಾಕಿ, ಬಾಗಿಲು ಎಳೆದುಕೊಂಡು, ಅವರು ಬಂದು ಉಣ್ಣಲೆಂದು ಹೊರಗೆ ಕೂರುತ್ತೇವೆ. ಆಮೇಲೆ ಕಾಗೆಗೆ ಇಡುತ್ತೇವೆ. ಯುದ್ಧ ಮುಗಿದ ಮೊದಲ ಅಮಾವಾಸ್ಯೆ ಹತ್ತಿರ ಬಂದಾಗ ಅಪ್ಪ, ಮಗನಿಗೂ ಒಂದು ಎಲೆ ಹಾಕೋಣ ಎಂದರು.

"ಬದುಕಿರೋ ಮಗನಿಗೆ ಎಡೆ ಇಟ್ಟು ನೀವೇ ಸಾಯಿಸ್ತೀರೇನ್ರೀ?" ಎಂದು ಅಮ್ಮ ಕೈಲಿದ್ದ ಸೌಟನ್ನು ಕುಕ್ಕಿದಳು.

ಅಪ್ಪ ಹಿತ್ತಲಿಗೆ ಬಂದು ನನ್ನ ಹತ್ತಿರ ಪಿಸುಗುಟ್ಟಿದರು: "ಮಗು ಎಲ್ಲೋ ಹಸ್ಕೊಂಡು ಅಲೀತಿರ್ತಾನೆ ಕಣಮ್ಮ. ಆ ವಿಮಾನ ಮುಗಿಸ್ಬಿಡು. ಅವನ ಫೋಟೋ ಮುಂದೆ ಇಡೋಣ. ನಿಮ್ಮಮ್ಮ ನೋಡಿ ಒಂದ್ಸಲ ಅತ್ತುಬಿಡ್ಲಿ."

ನಾನು ಕೂತೆ. ಮೊದಲು ಬೆಳ್ಳಿ ಬಣ್ಣ. ಅದು ಒಣಗಿದ ಮೇಲೆ, ಸವೆಯಬೇಕಾದ ಕಡೆ ಒದ್ದೆ ಮಾಡಿ ಉಪ್ಪಿನ ಹರಳು ಅಂಟಿಸಿದೆ. ಅದರ ಮೇಲೆ ಹಸಿರು. ಬೆರಳಲ್ಲಿ ಉಜ್ಜಿದರೆ ಉಪ್ಪು ಉದುರಿ, ಹಸಿರು ಕಿತ್ತುಹೋಗಿ, ಕೆಳಗಿನ ಬೆಳ್ಳಿ ಅಲ್ಲಲ್ಲಿ ಇಣುಕಿತು. ಸೀಮೆಎಣ್ಣೆ ಬುಡ್ಡಿಯ ಮಸಿಯನ್ನು ಒಣ ಬ್ರಷ್‌ಗೆ ತಾಗಿಸಿ ಗನ್ನಿನ ಬಾಯಿಂದ ಹಿಂದಕ್ಕೆ ಎಳೆದೆ. ಕೊನೆಗೆ ಅಂಗಳದ ಕೆಮ್ಮಣ್ಣನ್ನು ಕದಡಿ ಮೂರು ಗಾಲಿಗೂ ಮೆತ್ತಿದೆ. ಅಬ್ಬಾ, ಎಷ್ಟು ಚೆನ್ನಾಗಿ ಬಂದಿತ್ತು! ಅಪ್ಪ ಅದನ್ನು ಹಿಡಿದು, "ಇಷ್ಟು ಸಣ್ಣದರಲ್ಲಿ ಹೇಗಮ್ಮ ಕೂರ್ತಿದ್ದ?" ಎಂದು ಬಿಕ್ಕಿಬಿಕ್ಕಿ ಅತ್ತರು.

ಅಮಾವಾಸ್ಯೆಯ ದಿನ ತಾತ ಅಜ್ಜಿಯರ ಪಕ್ಕ ಅಣ್ಣನ ಫೋಟೋ, ಅದರ ಮುಂದೆ ವಿಮಾನ ಇಟ್ಟೆವು. ಅಮ್ಮ ವಡೆ ತಟ್ಟೆ ಹಿಡಿದು ಬಂದವಳು ನಿಂತಳು. ತಟ್ಟೆ ಕೆಳಗಿಟ್ಟು ವಿಮಾನ ಎತ್ತಿಕೊಂಡಳು. ಹೆಬ್ಬೆರಳಿಗೆ ಮಸಿ ಹತ್ತಿತು. ತಿರುಗಿಸಿ ಗಾಲಿ ನೋಡಿದಳು. ಅವಳ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಗಾಲಿಗೆ ಮಣ್ಣು ಮೆತ್ತಿದೆ ನೋಡ್ರೀ. ಅಂದ್ರೆ ನೆಲಕ್ಕೆ ಇಳಿದಿದೆ. ಇವನಲ್ದೆ ಇನ್ಯಾರು ಇಳಿಸ್ತಾರೆ?"

ಫೋಟೋವನ್ನೂ ವಿಮಾನವನ್ನೂ ಎದೆಗವಚಿಕೊಂಡು ದೇವರ ಮನೆಗೆ ಹೋದಳು. ನನಗೆ ಕೈ ಕೈ ಹಿಸುಕಿಕೊಳ್ಳುವಷ್ಟು ಸಿಟ್ಟು. ಉರಿದು ಬಿದ್ದ ವಿಮಾನದ ಗಾಲಿಗೆ ಮಣ್ಣೆಲ್ಲಿಂದ ಬರಬೇಕು?

ಹಾಳಾದ್ದು, ಅಲ್ಲಿಗೇ ಮುಗಿಯಲಿಲ್ಲ. ಅಮಾವಾಸ್ಯೆ ಕಳೆದು ಆಯುಧ ಪೂಜೆ ಬಂತು. ಬೀದಿಯವರೆಲ್ಲ ಸೈಕಲ್ಲು, ಸ್ಕೂಟರು ತೊಳೆಯುವಾಗ ಅಮ್ಮ ವಿಮಾನ ತೊಳೆದಳು. ಅರಿಶಿನ, ಕುಂಕುಮ, ಒಂದು ಚೆಂಡು ಹೂವು, ಗಾಲಿಯ ಕೆಳಗೆ ಗೋಲಿಯಷ್ಟು ಸಣ್ಣ ನಿಂಬೆಕಾಯಿ. ಮಾರನೆಯ ದಿನ, "ಮಸಿಯೆಲ್ಲ ಹೋಗಿದೆ, ಹಾಕ್ಕೊಡೇ. ಅವನು ಹಾರ್ತಾನೇ ಇದಾನಲ್ಲ" ಎಂದಳು. ಅಂದಿನಿಂದ ವರ್ಷ ವರ್ಷವೂ ಇದೇ. ನಾನು ಮದುವೆಯಾಗಿ ಚಾಮರಾಜಪೇಟೆಗೆ ಹೋದ ಮೇಲೂ ದಸರಾ ಮುಗಿದೊಡನೆ ಬ್ರಷ್ ಹಿಡಿದು ಬರಬೇಕು. "ನೀನು ತೊಳೆಯೋದು, ನಾನು ಕೊಳೆ ಮಾಡೋದು! ನಮಗೇನು ಬೇರೆ ಕಸುಬಿಲ್ವಾ?" ಎಂದು ರೇಗುತ್ತಿದ್ದೆ. ರೇಗುತ್ತಲೇ ಮಸಿ ಹಚ್ಚುತ್ತಿದ್ದೆ, ಮಣ್ಣು ಮೆತ್ತುತ್ತಿದ್ದೆ. ಬೇಡ ಅನ್ನಲು ಬಾಯೇ ಬರುತ್ತಿರಲಿಲ್ಲ.

ಅಪ್ಪ ಪ್ರತಿ ಮಹಾಲಯಕ್ಕೂ ಕಾಂಪೌಂಡ್ ಗೋಡೆಯ ಮೇಲೆ, ಹಿರಿಯರದ್ದರಿಂದ ಒಂದಿಷ್ಟು ದೂರದಲ್ಲಿ, ಇನ್ನೊಂದು ಹಿಡಿ ಅನ್ನ ಇಡುತ್ತಿದ್ದರು. ಯಾರಿಗೆ ಎಂದು ಹೇಳುತ್ತಿರಲಿಲ್ಲ. ಅಮ್ಮ ಕಿಟಕಿಯಿಂದ ನೋಡುತ್ತಿದ್ದು, ಕಾಗೆ ಬಂದು ಆ ಅನ್ನಕ್ಕೆ ಕೊಕ್ಕು ಹಾಕುವ ಮೊದಲೇ ಪೊರಕೆ ಹಿಡಿದು ಓಡಿಸಿಬಿಡುತ್ತಿದ್ದಳು.

ಎಂಬತ್ತರ ದಶಕದ ನಡುವಿನಲ್ಲಿ ಅಪ್ಪ ಹಾಸಿಗೆ ಹಿಡಿದರು. ಹೋಗುವ ಮುಂಚೆ ನನ್ನ ಕೈ ಹಿಡಿದು, "ನನಗೆ ಎಡೆ ಇಡುವಾಗ ಪಕ್ಕದಲ್ಲಿ ಅವನದೂ ಇಡಮ್ಮ. ಅವನು ಹಸ್ಕೊಂಡಿರುವಾಗ ನನಗೆ ಅನ್ನ ಇಳಿಯಲ್ಲ" ಎಂದರು.

ಆ ವರ್ಷದ ಮಹಾಲಯಕ್ಕೆ ಹಿಂದಿನ ದಿನವೇ ತವರಿಗೆ ಹೋದೆ. ಮಸಿ ಸರಿಮಾಡುತ್ತೇನೆಂದು ವಿಮಾನ ಇಸಿದುಕೊಂಡೆ. ಬ್ಲೇಡಿನಲ್ಲಿ ಮೂರು ಗಾಲಿಗಳನ್ನೂ ಕತ್ತರಿಸಿ, ಹಾರುವಾಗ ಗಾಲಿ ಮಡಚಿಕೊಳ್ಳುವ ಗೂಡುಗಳಿಗೆ ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿದೆ. ಬೆಳಿಗ್ಗೆ ಅಪ್ಪನ ಫೋಟೋ ಪಕ್ಕದಲ್ಲಿ ಇಟ್ಟೆ.

ಅಮ್ಮ ಎತ್ತಿಕೊಂಡಳು. ಆಗ ಅವಳಿಗೆ ಕಣ್ಣು ಮಂಜಾಗಿತ್ತು. ಬೆರಳಲ್ಲೇ ಹೊಟ್ಟೆಯ ಅಡಿಯೆಲ್ಲ ತಡವಿದಳು. ಮತ್ತೆ ತಡವಿದಳು.

"ಗಾಲಿ ಎಲ್ಲೇ? ನಿಂಬೆಕಾಯಿ ಎಲ್ಲಿಡ್ಲಿ ನಾನು?"

"ಅವನು ಇಳೀಲಿಲ್ಲಮ್ಮ."

ನನ್ನ ಭುಜಕ್ಕೆ ಪಟಪಟನೆ ಬಾರಿಸಿದಳು. ನಾನು ಅಲ್ಲಾಡಲಿಲ್ಲ. ಆಮೇಲೆ ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಹೋದವಳು ಇನ್ನೊಂದು ಬಾಳೆಲೆ ತಂದಳು. ನೀರು ಚಿಮುಕಿಸಿ, ಒರೆಸಿ, ಅಪ್ಪನ ಎಲೆಯ ಪಕ್ಕದಲ್ಲಿ ಹಾಸಿದಳು.

"ಅನ್ನ ಜಾಸ್ತಿ ಬಡಿಸೇ ಅವನಿಗೆ" ಎಂದಳು. "ಇಷ್ಟು ವರ್ಷ ಕಾಗೆ ಓಡಿಸ್ಬಿಟ್ಟೆನಲ್ಲೇ ನಾನು."